ದಿನಬಳಕೆಗೆ ಯಾವ ಆಫೀಸ್ ಸಾಫ್ಟ್‌ವೇರ್? ನಿಮ್ಮ ಫೈಲುಗಳಿಂದಲೇ ಶುರುಮಾಡಿ

"ಹೊಸ ಕಂಪ್ಯೂಟರ್ ಬಂತು. ಯಾವ ಆಫೀಸ್ ಹಾಕಿಕೊಳ್ಳಲಿ?" ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಅದರ ಹಿಂದೆಯೇ ಇನ್ನೆರಡು ಬರುತ್ತವೆ. "ದುಡ್ಡು ಕೊಡಲೇಬೇಕಾ?" "ಫ್ರೀಯಾಗಿ ಸಿಗೋದರಲ್ಲಿ ನನ್ನ ಹಳೇ ಫೈಲುಗಳು ಸರಿಯಾಗಿ ತೆರೆಯುತ್ತವಾ?" ಮೂರಕ್ಕೂ ಸೇರಿಸಿ ಇಲ್ಲಿ ಉತ್ತರ ಬರೆದಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಯಾವುದರಲ್ಲಿ ಎಷ್ಟು ಸೌಲಭ್ಯ ಇದೆ ಎಂದು ಪಟ್ಟಿ ಹಿಡಿದು ಹೋಲಿಸುತ್ತಾ ಕೂತರೆ ತೀರ್ಮಾನ ಆಗುವುದೇ ಇಲ್ಲ. ಆ ಪಟ್ಟಿಯಲ್ಲಿರುವ ಬಹುಪಾಲನ್ನು ದಿನದ ಕೆಲಸದಲ್ಲಿ ಯಾರೂ ಮುಟ್ಟುವುದಿಲ್ಲ. ನಿಮ್ಮ ಬಳಿ ಈಗಾಗಲೇ ಎಂಥ ಫೈಲುಗಳಿವೆ, ಅವು ಯಾರ ಕೈಗೆ ಹೋಗುತ್ತವೆ? ಈ ಎರಡು ಪ್ರಶ್ನೆಗೆ ಉತ್ತರ ಸಿಕ್ಕರೆ ಆಯ್ಕೆ ಹೆಚ್ಚುಕಡಿಮೆ ತಾನಾಗಿ ಆಗುತ್ತದೆ.

ಆಫೀಸ್ ಸೂಟ್ ಎಂದರೆ ಒಟ್ಟಿಗೆ ಬರುವ ಕೆಲವು ಪ್ರೋಗ್ರಾಮ್‌ಗಳ ಗುಂಪು. ಪತ್ರ, ವರದಿ ಬರೆಯಲು ಒಂದು. ಲೆಕ್ಕ ಮತ್ತು ಪಟ್ಟಿಗೆ ಸ್ಪ್ರೆಡ್‌ಶೀಟ್, ಅಂದರೆ ಸಾಲು–ಕಾಲಂಗಳ ಹಾಳೆ. ಪರದೆಯ ಮೇಲೆ ತೋರಿಸಲು ಸ್ಲೈಡ್ ಮಾಡುವುದು ಇನ್ನೊಂದು. ಮೈಕ್ರೋಸಾಫ್ಟ್‌ನಲ್ಲಿ ಇವು ವರ್ಡ್, ಎಕ್ಸೆಲ್, ಪವರ್‌ಪಾಯಿಂಟ್. ಲಿಬ್ರೆಆಫೀಸ್‌ನಲ್ಲಿ ರೈಟರ್, ಕ್ಯಾಲ್ಕ್, ಇಂಪ್ರೆಸ್. ಗೂಗಲ್‌ನಲ್ಲಿ ಡಾಕ್ಸ್, ಶೀಟ್ಸ್, ಸ್ಲೈಡ್ಸ್.

ಕೂರುವ ಮುಂಚೆ ನಿಮ್ಮ ಹತ್ತಿರ ಇರಬೇಕಾದ್ದು ಇಷ್ಟೇ: ಅರ್ಧ ದಿನದ ಬಿಡುವು, ನೀವೇ ಮಾಡಿದ ಮೂರು ಹಳೆಯ ಫೈಲುಗಳ ನಕಲು ಪ್ರತಿ, ಒಂದು ಹಾಳೆ, ಒಂದು ಪೆನ್ನು. ಮೂಲ ಫೈಲಿನ ಮೇಲೆ ಪ್ರಯೋಗ ಬೇಡ.

1. ನಿಮ್ಮ ಕೆಲಸ ಏನು, ಬರೆದುಕೊಳ್ಳಿ

ಕಳೆದ ಒಂದು ತಿಂಗಳಲ್ಲಿ ಏನೇನು ಮಾಡಿದಿರಿ ಎಂದು ಹಾಳೆಯ ಮೇಲೆ ಬರೆಯಿರಿ. "ಮುಂದೆ ಬೇಕಾಗಬಹುದು" ಅನ್ನುವುದನ್ನು ಬಿಟ್ಟುಬಿಡಿ. ಪತ್ರ, ಅರ್ಜಿ, ಮನೆಯ ಲೆಕ್ಕ, ಮಕ್ಕಳ ಪ್ರಾಜೆಕ್ಟ್, ಸಂಘದ ಸದಸ್ಯರ ಪಟ್ಟಿ, ಇಷ್ಟೇ ಇದ್ದರೆ ಈಗ ಸಿಗುವ ಯಾವ ಸೂಟ್ ಆದರೂ ಸಾಕು. ನಿಮಗೆ ಈ ಹಂತದಲ್ಲೇ ಅರ್ಧ ಚಿಂತೆ ಕಳೆಯಿತು.

ಪಟ್ಟಿಯಲ್ಲಿ ಈ ಕೆಲಸಗಳಿದ್ದರೆ ಮಾತ್ರ ಅಡಿಗೆರೆ ಹಾಕಿ. ಒಂದು, ಮ್ಯಾಕ್ರೊ. ಒಂದೇ ಕೆಲಸವನ್ನು ಪದೇಪದೇ ತಾನಾಗಿ ಮಾಡಲು ಫೈಲಿನೊಳಗೆ ಬರೆದಿಟ್ಟ ಪುಟ್ಟ ಪ್ರೋಗ್ರಾಮ್ ಅದು. ಎರಡು, ಮೇಲ್ ಮರ್ಜ್. ಒಂದೇ ಪತ್ರವನ್ನು ಪಟ್ಟಿಯಲ್ಲಿರುವ ನೂರು ಹೆಸರಿಗೆ ಬೇರೆಬೇರೆಯಾಗಿ ಮುದ್ರಿಸುವುದು. ವರ್ಡ್ ಮತ್ತು ರೈಟರ್ ಎರಡರಲ್ಲೂ ಇದು ಇದೆ. ಗೂಗಲ್ ಡಾಕ್ಸ್‌ಗೆ ಹೊರಗಿನ ಆ್ಯಡ್-ಆನ್, ಅಂದರೆ ಹೆಚ್ಚುವರಿಯಾಗಿ ಜೋಡಿಸುವ ಪುಟ್ಟ ಪ್ರೋಗ್ರಾಮ್, ಸೇರಿಸಿಕೊಳ್ಳಬೇಕು. ಮೂರು, ಟ್ರ್ಯಾಕ್ ಚೇಂಜಸ್. ಯಾರು ಏನು ತಿದ್ದಿದರು ಎಂದು ಗುರುತು ಉಳಿಸಿಕೊಂಡು ತಿದ್ದುವುದು. ನಾಲ್ಕು, ಒಂದೇ ಫೈಲಿನಲ್ಲಿ ಹಲವರು ಏಕಕಾಲಕ್ಕೆ ಕೆಲಸ ಮಾಡುವುದು.

2. ಫೈಲ್ ಯಾರಿಗೆ ಹೋಗುತ್ತದೆ?

ಜನ ಹೆಚ್ಚಾಗಿ ಮರೆಯುವ ಪ್ರಶ್ನೆ ಇದು. ನೀವೊಬ್ಬರೇ ನೋಡುವ ಫೈಲ್ ಆದರೆ ನಿಮಗೆ ಹಿಡಿಸಿದ್ದೇ ಸರಿ. ಬೇರೆಯವರು ಓದಿದರೆ ಸಾಕು, ತಿದ್ದುವುದು ಬೇಡ ಅಂತಾದರೆ ಪಿಡಿಎಫ್ ಮಾಡಿ ಕಳಿಸಿ. ಎಲ್ಲ ಸೂಟ್‌ಗಳೂ ಪಿಡಿಎಫ್ ಮಾಡಿಕೊಡುತ್ತವೆ, ನೋಡುವವರ ಕಂಪ್ಯೂಟರಿನಲ್ಲಿ ಯಾವ ಸೂಟ್ ಇದ್ದರೂ ಪುಟ ಕದಲುವುದಿಲ್ಲ. ಎಷ್ಟೋ ಜನ ಪಿಡಿಎಫ್ ಕಳಿಸಬೇಕಾದ ಕಡೆ ವರ್ಡ್ ಫೈಲ್ ಕಳಿಸಿ, ಆಮೇಲೆ "ಅವರಲ್ಲಿ ಸಾಲುಗಳೆಲ್ಲ ಚೆಲ್ಲಾಪಿಲ್ಲಿ ಆಯಿತು" ಎಂದು ಸಾಫ್ಟ್‌ವೇರ್ ಬದಲಿಸಲು ಹೊರಡುತ್ತಾರೆ.

ಕಷ್ಟ ಬರುವುದು ಮೂರನೇ ಸಂದರ್ಭದಲ್ಲಿ. ನೀವು ಕಳಿಸುತ್ತೀರಿ, ಅವರು ತಿದ್ದಿ ವಾಪಸ್ ಕಳಿಸುತ್ತಾರೆ, ನೀವು ಮತ್ತೆ ತಿದ್ದುತ್ತೀರಿ. ಇಂಥ ಓಡಾಟ ದಿನಾ ಇದ್ದರೆ ಎದುರಿನವರು ಯಾವುದನ್ನು ಬಳಸುತ್ತಾರೋ ಅದನ್ನೇ ಬಳಸುವುದು ಜಾಣತನ. ಎರಡು ಬೇರೆ ಸೂಟ್‌ಗಳ ನಡುವೆ ಫೈಲ್ ಹತ್ತು ಸಲ ಓಡಾಡಿದರೆ ಅಂಕಿ ಪಟ್ಟಿಗಳು, ಟೇಬಲ್ ಗೆರೆಗಳು, ಚಿತ್ರದ ಜಾಗ ಸ್ವಲ್ಪ ಸ್ವಲ್ಪವೇ ಹದ ತಪ್ಪುತ್ತವೆ.

3. ಫೈಲ್ ಫಾರ್ಮ್ಯಾಟ್ ಅರ್ಥ ಮಾಡಿಕೊಳ್ಳಿ

ಫಾರ್ಮ್ಯಾಟ್ ಎಂದರೆ ನಿಮ್ಮ ಬರಹವನ್ನು ಡಿಸ್ಕಿನ ಮೇಲೆ ಯಾವ ಕ್ರಮದಲ್ಲಿ ಬರೆದಿಡಬೇಕು ಎಂಬ ನಿಯಮ. ಫೈಲ್ ಹೆಸರಿನ ಕೊನೆಯಲ್ಲಿ ಚುಕ್ಕೆಯ ನಂತರ ಬರುವ ಅಕ್ಷರಗಳು ಅದನ್ನೇ ಹೇಳುತ್ತವೆ.

ಮೈಕ್ರೋಸಾಫ್ಟ್‌ನ ಹಳೆಯ ಫಾರ್ಮ್ಯಾಟ್‌ಗಳು ಡಾಕ್, ಎಕ್ಸ್‌ಎಲ್‌ಎಸ್, ಪಿಪಿಟಿ. ಆಫೀಸ್ 2007ರಿಂದ ಕೊನೆಗೊಂದು ಎಕ್ಸ್ ಸೇರಿ ಡಾಕ್‌ಎಕ್ಸ್, ಎಕ್ಸ್‌ಎಲ್‌ಎಸ್‌ಎಕ್ಸ್, ಪಿಪಿಟಿಎಕ್ಸ್ ಬಂದವು. 2008ರಲ್ಲಿ ಇವಕ್ಕೆ ಅಂತರರಾಷ್ಟ್ರೀಯ ಮಾನಕ ಸಂಸ್ಥೆ ಐಎಸ್‌ಒದ ಮಾನ್ಯತೆ ಸಿಕ್ಕಿತು. ಲಿಬ್ರೆಆಫೀಸ್‌ನ ಸ್ವಂತ ಫಾರ್ಮ್ಯಾಟ್‌ಗಳು ಒಡಿಟಿ, ಒಡಿಎಸ್, ಒಡಿಪಿ. ಒಟ್ಟಾಗಿ ಒಡಿಎಫ್ ಎನ್ನುತ್ತಾರೆ. ಇವಕ್ಕೆ ಐಎಸ್‌ಒ ಮಾನ್ಯತೆ ಅದಕ್ಕೂ ಮೊದಲೇ, 2006ರಲ್ಲಿ ಸಿಕ್ಕಿದೆ. ಎರಡರ ನಿಯಮಗಳೂ ಬಹಿರಂಗವಾಗಿವೆ. ಹಾಗಾಗಿ ಇವೆರಡರಲ್ಲಿ ಯಾವುದರಲ್ಲಿ ಇಟ್ಟರೂ ಮುಂದೆ ಬೇರೆ ಸಾಫ್ಟ್‌ವೇರ್ ತೆರೆಯಬಲ್ಲದು ಎಂಬ ಧೈರ್ಯ ಇರುತ್ತದೆ.

ಹಳೆಯ ಎಕ್ಸ್‌ಎಲ್‌ಎಸ್ ಫೈಲುಗಳಿದ್ದರೆ ದಯವಿಟ್ಟು ಗಮನ ಕೊಡಿ. ಅದರಲ್ಲಿ ಒಂದು ಹಾಳೆಗೆ 65,536 ಸಾಲುಗಳೇ ಮಿತಿ. ಎಕ್ಸ್‌ಎಲ್‌ಎಸ್‌ಎಕ್ಸ್‌ನಲ್ಲಿ ಅದು 10,48,576. ದೊಡ್ಡ ಅಂತರ ಅಲ್ವಾ? 2020ರಲ್ಲಿ ಇಂಗ್ಲೆಂಡಿನಲ್ಲಿ ಕೋವಿಡ್ ಪರೀಕ್ಷೆಯ ಫಲಿತಾಂಶಗಳನ್ನು ಹಳೆಯ ಫಾರ್ಮ್ಯಾಟಿನಲ್ಲಿ ತುಂಬುವಾಗ ಸಾಲುಗಳು ಮುಗಿದು, ಸುಮಾರು 16 ಸಾವಿರ ಸೋಂಕಿತರ ವಿವರ ದಿನದ ಲೆಕ್ಕದಿಂದ ಬಿಟ್ಟುಹೋಯಿತು. ಮನೆ ಲೆಕ್ಕ ಅಷ್ಟು ಉದ್ದ ಬೆಳೆಯುವುದಿಲ್ಲ, ನಿಜ. ಆದರೂ ಹಳೆಯ ಫಾರ್ಮ್ಯಾಟಿನಲ್ಲಿ ಹೊಸ ಕೆಲಸ ಶುರುಮಾಡಲು ಈಗ ಯಾವ ಕಾರಣವೂ ಇಲ್ಲ.

ಗೂಗಲ್‌ ವಿಷಯದಲ್ಲಿ ಒಂದು ಎಚ್ಚರಿಕೆ. ಗೂಗಲ್ ಡಾಕ್ಸ್‌ನಲ್ಲಿ ಮಾಡಿದ ಬರಹ ಇರುವುದು ಅವರ ಸರ್ವರ್‌ನಲ್ಲಿ. ಗೂಗಲ್ ಡ್ರೈವ್ ಸಾಫ್ಟ್‌ವೇರ್ ಹಾಕಿಕೊಂಡಾಗ ನಿಮ್ಮ ಕಂಪ್ಯೂಟರಿನಲ್ಲಿ ಜಿಡಾಕ್ ಎಂಬ ಫೈಲ್ ಕಾಣುತ್ತದೆ. ಅದರೊಳಗೆ ನಿಮ್ಮ ಬರಹ ಇಲ್ಲ, ಬರಹ ಇರುವ ಜಾಗದ ವಿಳಾಸ ಮಾತ್ರ ಇದೆ. ಅದನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡು "ಬ್ಯಾಕಪ್ ಆಯಿತು" ಎಂದು ನೆಮ್ಮದಿಯಾಗಿರುವವರು ಬಹಳ ಜನ. ಅದು ಬ್ಯಾಕಪ್ ಅಲ್ಲ. ಫೈಲ್ ಮೆನುವಿನ ಡೌನ್‌ಲೋಡ್ ಒತ್ತಿ ಡಾಕ್‌ಎಕ್ಸ್ ಅಥವಾ ಒಡಿಟಿಯಾಗಿ ಇಳಿಸಿಕೊಂಡರೆ ಮಾತ್ರ ಬರಹ ನಿಮ್ಮ ಕೈಯಲ್ಲಿರುತ್ತದೆ. ಎಲ್ಲವನ್ನೂ ಒಟ್ಟಿಗೆ ಇಳಿಸಿಕೊಳ್ಳಲು ಗೂಗಲ್ ಟೇಕ್‌ಔಟ್ ಇದೆ.

4. ಅಭ್ಯರ್ಥಿಗಳನ್ನು ಎರಡಕ್ಕೆ ಇಳಿಸಿ

ಎಲ್ಲವನ್ನೂ ಪರೀಕ್ಷೆ ಮಾಡಲು ಹೋಗಬೇಡಿ. ಎರಡನ್ನು ಆರಿಸಿಕೊಳ್ಳಿ, ಸಾಕು.

ಮೈಕ್ರೋಸಾಫ್ಟ್ ಎರಡು ಬಗೆಯಲ್ಲಿ ಸಿಗುತ್ತದೆ. ಮೈಕ್ರೋಸಾಫ್ಟ್ 365 ಚಂದಾ ಪದ್ಧತಿ, ತಿಂಗಳಿಗೋ ವರ್ಷಕ್ಕೋ ದುಡ್ಡು ಕಟ್ಟುತ್ತಾ ಹೋಗಬೇಕು. ಆಫೀಸ್ 2024ರಂಥದ್ದು ಒಂದೇ ಸಲದ ಖರೀದಿ. ಆದರೆ "ಒಂದೇ ಸಲ" ಎಂದರೆ ಜೀವನಪೂರ್ತಿ ಎಂದಲ್ಲ. ಆಫೀಸ್ 2016 ಮತ್ತು 2019 ಎರಡಕ್ಕೂ 2025ರ ಅಕ್ಟೋಬರ್ 14ಕ್ಕೆ ಭದ್ರತಾ ಅಪ್‌ಡೇಟ್ ನಿಂತಿತು. ಅವು ಇನ್ನೂ ತೆರೆಯುತ್ತವೆ, ಆದರೆ ಹೊಸದಾಗಿ ಸಿಗುವ ದೋಷಗಳಿಗೆ ರಿಪೇರಿ ಬರುವುದಿಲ್ಲ. ನಿಮ್ಮಲ್ಲಿ ಅವು ಇದ್ದರೆ ಬದಲಿಸುವ ಸಮಯ ಬಂದಿದೆ. ಇವೆರಡಲ್ಲದೆ ಬ್ರೌಸರಿನಲ್ಲಿ ನಡೆಯುವ ಉಚಿತ ವರ್ಡ್, ಎಕ್ಸೆಲ್ ಕೂಡ ಇವೆ. ಮೈಕ್ರೋಸಾಫ್ಟ್ ಖಾತೆ ಇದ್ದರೆ ಸಾಕು, ಇಂಟರ್ನೆಟ್ ಬೇಕೇಬೇಕು. ಅಲ್ಲಿನ ಎಕ್ಸೆಲ್‌ನಲ್ಲಿ ಹಳೆಯ ಮ್ಯಾಕ್ರೊಗಳು ಓಡುವುದಿಲ್ಲ.

ಲಿಬ್ರೆಆಫೀಸ್ ಪೂರ್ತಿ ಉಚಿತ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರಕ್ಕೂ ಇದೆ. ಇಂಟರ್ನೆಟ್ ಬೇಡ, ಖಾತೆ ತೆರೆಯುವುದು ಬೇಡ. ಇದರ ಹುಟ್ಟು ತಿಳಿದಿದ್ದರೆ ಒಂದು ಗೊಂದಲ ತಪ್ಪುತ್ತದೆ. 2010ರಲ್ಲಿ ಓಪನ್‌ಆಫೀಸ್‌ನಿಂದ ಕವಲೊಡೆದು ಬಂದದ್ದು ಇದು. ಈಗ ದಿ ಡಾಕ್ಯುಮೆಂಟ್ ಫೌಂಡೇಶನ್ ನೋಡಿಕೊಳ್ಳುತ್ತದೆ. ಹಳೆಯ ಓಪನ್‌ಆಫೀಸ್ ಈಗಲೂ ಅಪಾಚೆ ಹೆಸರಿನಲ್ಲಿ ಸಿಗುತ್ತದೆ. ಆದರೆ 2014ರ 4.1 ಆವೃತ್ತಿಯ ನಂತರ ಅದಕ್ಕೆ ಬಂದಿರುವುದು ಸಣ್ಣಪುಟ್ಟ ತಿದ್ದುಪಡಿಗಳಷ್ಟೇ. ಅದು ಡಾಕ್‌ಎಕ್ಸ್ ತೆರೆಯುತ್ತದೆ, ಡಾಕ್‌ಎಕ್ಸ್ ಆಗಿ ಉಳಿಸುವುದಿಲ್ಲ. ಹೆಸರಿನ ನೆನಪಿನ ಮೇಲೆ ಅದನ್ನು ಇಳಿಸಿಕೊಳ್ಳಬೇಡಿ.

ಗೂಗಲ್ ಡಾಕ್ಸ್ ಬ್ರೌಸರಿನಲ್ಲಿ ನಡೆಯುತ್ತದೆ. ಒಟ್ಟಿಗೆ ಕೂತು ಬರೆಯುವ ಕೆಲಸಕ್ಕೆ ಇದರಷ್ಟು ಸಲೀಸು ನನಗೆ ಬೇರೆ ಕಾಣಲಿಲ್ಲ. ಇಂಟರ್ನೆಟ್ ಇಲ್ಲದೆಯೂ ಬಳಸಬಹುದು, ಆದರೆ ಕ್ರೋಮ್ ಅಥವಾ ಎಡ್ಜ್‌ನಲ್ಲಿ ಆಫ್‌ಲೈನ್ ಸೌಲಭ್ಯವನ್ನು ಮುಂಚಿತವಾಗಿ ಆನ್ ಮಾಡಿಟ್ಟಿರಬೇಕು. ನೆಟ್ ಹೋದ ಮೇಲೆ ನೆನಪಾದರೆ ಪ್ರಯೋಜನವಿಲ್ಲ.

ಉಳಿದವು ಚುಟುಕಾಗಿ. ಓನ್ಲಿಆಫೀಸ್‌ನ ಡೆಸ್ಕ್‌ಟಾಪ್ ಆವೃತ್ತಿ ಉಚಿತ, ನೋಟಕ್ಕೆ ಮೈಕ್ರೋಸಾಫ್ಟ್‌ಗೆ ಹತ್ತಿರ, ಕೆಲಸ ಮಾಡುವುದು ಡಾಕ್‌ಎಕ್ಸ್ ಕುಟುಂಬದ ಫೈಲುಗಳಲ್ಲೇ. ಡಬ್ಲ್ಯೂಪಿಎಸ್ ಆಫೀಸ್ ಕೂಡ ಹಾಗೇ ಕಾಣುತ್ತದೆ, ಉಚಿತ ಆವೃತ್ತಿಯಲ್ಲಿ ಜಾಹೀರಾತು ಬರುತ್ತದೆ. ಆ್ಯಪಲ್ ಸಾಧನಗಳಿದ್ದರೆ ಪೇಜಸ್, ನಂಬರ್ಸ್, ಕೀನೋಟ್ ಉಚಿತ. ಆದರೆ ಪೇಜಸ್ ಫೈಲನ್ನು ವರ್ಡ್ ನೇರವಾಗಿ ತೆರೆಯುವುದಿಲ್ಲ, ಕಳಿಸುವ ಮುಂಚೆ ಎಕ್ಸ್‌ಪೋರ್ಟ್ ಮಾಡಬೇಕು.

5. ನಿಮ್ಮ ಮೂರು ಫೈಲುಗಳಿಂದ ಪರೀಕ್ಷೆ ಮಾಡಿ

ಈ ಲೇಖನದಲ್ಲಿ ಒಂದೇ ಹಂತ ಮಾಡುವಷ್ಟು ಬಿಡುವು ನಿಮಗಿದ್ದರೆ ಇದನ್ನೇ ಮಾಡಿ. ಹುಡುಗಿ ನೋಡದೆ ಮದುವೆ ನಿಶ್ಚಯ ಮಾಡಿದ ಹಾಗೆ ಬರೀ ಬೇರೆಯವರ ಮಾತು ಕೇಳಿ ಸೂಟ್ ಆರಿಸಿಕೊಳ್ಳಬೇಡಿ.

ನಿಮ್ಮಲ್ಲಿರುವ ಫೈಲುಗಳಲ್ಲಿ ತೀರಾ ತೊಡಕಿನದ್ದನ್ನೇ ಆರಿಸಿ. ಸಾದಾ ಪತ್ರ ಎಲ್ಲದರಲ್ಲೂ ಚೆನ್ನಾಗಿಯೇ ತೆರೆಯುತ್ತದೆ, ಅದರಿಂದ ಏನೂ ಗೊತ್ತಾಗುವುದಿಲ್ಲ.

ಮೊದಲ ಫೈಲ್: ಟೇಬಲ್, ಚಿತ್ರ, ಪುಟಸಂಖ್ಯೆ, ಅಡಿಟಿಪ್ಪಣಿ ಎಲ್ಲ ಇರುವ ಬರಹ. ಹೊಸ ಸೂಟ್‌ನಲ್ಲಿ ತೆರೆದು ಒಟ್ಟು ಪುಟ ಎಷ್ಟು ಎಂದು ಮೊದಲು ನೋಡಿ. ಹಳೆಯದರಲ್ಲಿ 12 ಇದ್ದದ್ದು ಇಲ್ಲಿ 13 ಆಗಿದ್ದರೆ ಬಹುತೇಕ ಫಾಂಟ್‌ನದೇ ಕಾರಣ. ಮೈಕ್ರೋಸಾಫ್ಟ್‌ನ ಕ್ಯಾಲಿಬ್ರಿ, ಕೇಂಬ್ರಿಯಾ ಫಾಂಟ್‌ಗಳು ಎಲ್ಲ ಕಂಪ್ಯೂಟರಿನಲ್ಲೂ ಇರುವುದಿಲ್ಲ. ಲಿಬ್ರೆಆಫೀಸ್ ಅವುಗಳ ಬದಲಿಗೆ ಕಾರ್ಲಿಟೊ, ಕಲಾಡಿಯಾ ಬಳಸುತ್ತದೆ. ಅಕ್ಷರಗಳ ಅಗಲ ಒಂದೇ ಇರುವಂತೆ ಮಾಡಿದ ಫಾಂಟ್‌ಗಳಿವು, ಹಾಗಾಗಿ ಸಾಲುಗಳು ಒಡೆಯುವುದಿಲ್ಲ. ಆದರೆ ನೀವು ಬೇರೆ ಯಾವುದೋ ಅಲಂಕಾರದ ಫಾಂಟ್ ಬಳಸಿದ್ದರೆ ಈ ರಕ್ಷಣೆ ಸಿಗುವುದಿಲ್ಲ. ಸೂಟ್ ಸರಿಯಿಲ್ಲ ಎಂದು ತೀರ್ಮಾನಿಸುವ ಮೊದಲು ಆ ಫಾಂಟ್ ಹಾಕಿ ಇನ್ನೊಮ್ಮೆ ತೆರೆಯಿರಿ.

ಎರಡನೆಯದು ಸೂತ್ರಗಳಿರುವ ಸ್ಪ್ರೆಡ್‌ಶೀಟ್. ಒಟ್ಟು ಮೊತ್ತ ಹಳೆಯದರಲ್ಲಿ ಇದ್ದಷ್ಟೇ ಬಂದಿದೆಯಾ? ಯಾವುದಾದರೂ ಕೋಶದಲ್ಲಿ ಉತ್ತರದ ಬದಲು ದೋಷದ ಸಂದೇಶ ಇದೆಯಾ? ಹೊಸ ಸೂತ್ರಗಳು ಹಳೆಯ ಆವೃತ್ತಿಗೆ ಗೊತ್ತಿರುವುದಿಲ್ಲ. ಉದಾಹರಣೆಗೆ ಎಕ್ಸ್‌ಲುಕಪ್ ಎಂಬ ಹುಡುಕುವ ಸೂತ್ರ ಎಕ್ಸೆಲ್ 2019ರಲ್ಲಿ ಇಲ್ಲ, 2021ರಲ್ಲಿ ಇದೆ. ಲಿಬ್ರೆಆಫೀಸ್‌ಗೆ ಬಂದದ್ದು 24.8 ಆವೃತ್ತಿಯಲ್ಲಿ. ಆಮೇಲೆ ದಿನಾಂಕಗಳನ್ನು ನೋಡಿ. ತಿಂಗಳು–ದಿನ ಅದಲುಬದಲಾಗಿದ್ದರೆ ಭಾಷೆ, ಪ್ರದೇಶದ ಸೆಟ್ಟಿಂಗ್ ಸರಿಮಾಡಬೇಕು. ಸೊನ್ನೆಯಿಂದ ಶುರುವಾಗುವ ಸಂಖ್ಯೆಗಳನ್ನು ಹೊಸದಾಗಿ ಟೈಪ್ ಮಾಡಿ ನೋಡಿ, ಮೊದಲಿನ ಸೊನ್ನೆ ಹಾರಿಹೋಗುತ್ತದೆ. ಆ ಕಾಲಂ ಅನ್ನು ಮೊದಲೇ ಟೆಕ್ಸ್ಟ್ ಎಂದು ಗುರುತು ಮಾಡಿಟ್ಟರೆ ಹಾಗಾಗುವುದಿಲ್ಲ. ಸ್ಪ್ರೆಡ್‌ಶೀಟ್‌ಗಳು ತಾವೇ ಊಹಿಸಿ ಬದಲಿಸುವ ಈ ಅಭ್ಯಾಸ ಸಣ್ಣ ವಿಷಯ ಅಲ್ಲ. ಮಾರ್ಚ್1 ಎಂಬ ಜೀನ್ (ವಂಶವಾಹಿ) ಹೆಸರನ್ನು ಎಕ್ಸೆಲ್ ದಿನಾಂಕವಾಗಿ ಬದಲಿಸುತ್ತಿತ್ತು. ಕೊನೆಗೆ ಮನುಷ್ಯರ ಜೀನ್‌ಗಳಿಗೆ ಹೆಸರಿಡುವ ಸಮಿತಿಯೇ ಅಂಥ ಹೆಸರುಗಳನ್ನು ಬದಲಿಸಬೇಕಾಯಿತು.

ಮೂರನೆಯದು ನೀವು ಬೇರೆಯವರೊಂದಿಗೆ ಹಂಚಿಕೊಳ್ಳುವ ಫೈಲ್. ಹೊಸ ಸೂಟ್‌ನಲ್ಲಿ ತೆರೆದು, ಎರಡು ಸಾಲು ತಿದ್ದಿ, ಒಂದು ಕಾಮೆಂಟ್ ಹಾಕಿ, ಅವರಿಗೆ ಕಳಿಸಿ. ತಿದ್ದಿ ವಾಪಸ್ ಕಳಿಸಲು ಹೇಳಿ. ಕಾಮೆಂಟ್ ಉಳಿದಿದೆಯಾ, ತಿದ್ದಿದ ಗುರುತು ಉಳಿದಿದೆಯಾ ನೋಡಿ. ಒಂದು ಸುತ್ತು ಸಾಲದು, ಎರಡು ಸುತ್ತು ಮಾಡಿ. ಗೂಗಲ್‌ನಲ್ಲಿ ಡಾಕ್‌ಎಕ್ಸ್ ತೆರೆಯುವಾಗ ಫೈಲ್ ಹೆಸರಿನ ಪಕ್ಕದಲ್ಲಿ ಅದರ ಫಾರ್ಮ್ಯಾಟ್‌ನ ಗುರುತು ಇದ್ದರೆ ಮೂಲ ಫೈಲನ್ನೇ ತಿದ್ದುತ್ತಿದ್ದೀರಿ ಎಂದರ್ಥ. ಗೂಗಲ್ ಡಾಕ್ಸ್ ಆಗಿ ಉಳಿಸಿದರೆ ಎರಡನೇ ಪ್ರತಿ ಹುಟ್ಟುತ್ತದೆ. ನೀವು ಒಂದರಲ್ಲಿ, ಅವರು ಇನ್ನೊಂದರಲ್ಲಿ ತಿದ್ದುವ ಪರಿಸ್ಥಿತಿ ಬರುವುದು ಹೀಗೇ.

ಮ್ಯಾಕ್ರೊ ಇದ್ದರೆ ನಾಲ್ಕನೇ ಪರೀಕ್ಷೆಯೂ ಬೇಕು. ಎಕ್ಸೆಲ್ ಮ್ಯಾಕ್ರೊಗಳನ್ನು ಬರೆಯುವುದು ವಿಬಿಎ ಎಂಬ ಭಾಷೆಯಲ್ಲಿ. ಲಿಬ್ರೆಆಫೀಸ್ ಅದನ್ನು ಸ್ವಲ್ಪಮಟ್ಟಿಗೆ ಮಾತ್ರ ಓಡಿಸುತ್ತದೆ. ಗೂಗಲ್ ಶೀಟ್ಸ್‌ಗೆ ಅದು ಬರುವುದಿಲ್ಲ, ಅಲ್ಲಿ ಆ್ಯಪ್ಸ್ ಸ್ಕ್ರಿಪ್ಟ್ ಎಂಬ ಬೇರೆಯೇ ಭಾಷೆ ಇದೆ. ದಿನಾ ಬೇಕಾದ ಮ್ಯಾಕ್ರೊ ಓಡದಿದ್ದರೆ ಅಲ್ಲಿಗೆ ತೀರ್ಮಾನ ಆಯಿತು, ಮೈಕ್ರೋಸಾಫ್ಟ್‌ನಲ್ಲೇ ಇರಿ.

6. ಕನ್ನಡ ಟೈಪ್ ಮಾಡಿ ನೋಡಿ

ಇದನ್ನು ಬೇರೆ ಭಾಷೆಯ ಮಾರ್ಗದರ್ಶಿಗಳು ಹೇಳುವುದಿಲ್ಲ, ನಾವೇ ನೋಡಿಕೊಳ್ಳಬೇಕು. ಒಂದು ಪುಟ ಕನ್ನಡ ಬರೆಯಿರಿ, ಒತ್ತಕ್ಷರ ಜಾಸ್ತಿ ಇರಲಿ. ಫಾಂಟ್ ಬದಲಿಸಿ, ದಪ್ಪ ಮಾಡಿ, ಪಿಡಿಎಫ್ ಮಾಡಿ. ಪಿಡಿಎಫ್‌ನಲ್ಲಿ ಒಂದು ಪದ ಹುಡುಕಿ, ಸಿಗುತ್ತದಾ ನೋಡಿ.

ಲಿಬ್ರೆಆಫೀಸ್‌ನಲ್ಲಿ ಕನ್ನಡದ ಫಾಂಟ್ ಮತ್ತು ಗಾತ್ರ ಇಂಗ್ಲಿಷಿನದ್ದರಿಂದ ಬೇರೆಯಾಗಿ ದಾಖಲಾಗುತ್ತವೆ. ಟೂಲ್ಸ್ ಮೆನುವಿನಲ್ಲಿ ಆಪ್ಷನ್ಸ್‌ಗೆ ಹೋಗಿ, ಭಾಷೆಗಳ ಭಾಗದಲ್ಲಿ ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್ ಎಂಬುದಕ್ಕೆ ಟಿಕ್ ಹಾಕಿ, ಭಾಷೆ ಕನ್ನಡ ಎಂದು ಆರಿಸಿ. ಅಕ್ಷರ ಜೋಡಿಸಿ ಬರೆಯುವ ಲಿಪಿಗಳಿಗಾಗಿ ಇರುವ ಸೆಟ್ಟಿಂಗ್ ಅದು. "ಫಾಂಟ್ ಬದಲಿಸಿದರೂ ಕನ್ನಡ ಬದಲಾಗ್ತಾ ಇಲ್ಲ" ಎಂಬ ದೂರಿನ ಮೂಲ ಹೆಚ್ಚಾಗಿ ಇಲ್ಲೇ ಇರುತ್ತದೆ.

ಹಳೆಯ ನುಡಿ ಅಥವಾ ಬರಹ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಫೈಲುಗಳದ್ದು ಬೇರೆ ಕಥೆ. ಅವುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ್ದರು. ಆ ಫಾಂಟ್ ಇಲ್ಲದ ಕಡೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಯಾವ ಸೂಟ್ ಹಾಕಿದರೂ ಇದು ಸರಿಹೋಗುವುದಿಲ್ಲ. ನುಡಿ, ಬರಹ ತಂತ್ರಾಂಶಗಳ ಜೊತೆಗೇ ಬರುವ ಪರಿವರ್ತಕದಿಂದ ಯೂನಿಕೋಡ್‌ಗೆ ಬದಲಿಸಿಕೊಳ್ಳಿ. ಯೂನಿಕೋಡ್ ಎಂದರೆ ಪ್ರತಿ ಭಾಷೆಯ ಪ್ರತಿ ಅಕ್ಷರಕ್ಕೂ ಅದರದೇ ಸಂಖ್ಯೆ ಕೊಟ್ಟಿರುವ ಜಾಗತಿಕ ವ್ಯವಸ್ಥೆ. ಬದಲಿಸಿದ ಮೇಲೆ ಒಮ್ಮೆ ಪೂರ್ತಿ ಓದಿ ನೋಡಿ, ಒತ್ತುಗಳು ಅಲ್ಲಲ್ಲಿ ತಪ್ಪಿರುತ್ತವೆ.

7. ದುಡ್ಡು ಮತ್ತು ಬಿಡುಗಡೆಯ ದಾರಿ

ದುಡ್ಡು ಕೊಡುವ ಮೊದಲು "ನಾಳೆ ಇದನ್ನು ಬಿಟ್ಟರೆ ಏನಾಗುತ್ತದೆ?" ಎಂದು ಕೇಳಿಕೊಳ್ಳಿ. ಮೈಕ್ರೋಸಾಫ್ಟ್ 365 ಚಂದಾ ಮುಗಿದರೆ ಕಂಪ್ಯೂಟರಿನಲ್ಲಿರುವ ವರ್ಡ್‌ನಲ್ಲಿ ಫೈಲ್ ನೋಡಬಹುದು, ಮುದ್ರಿಸಬಹುದು, ತಿದ್ದಲಾಗುವುದಿಲ್ಲ. ಫೈಲುಗಳು ಡಾಕ್‌ಎಕ್ಸ್ ಆಗಿರುವುದರಿಂದ ಬೇರೆ ಸೂಟ್‌ನಲ್ಲಿ ತೆರೆಯಬಹುದು ಎಂಬುದು ಸಮಾಧಾನ. ಗೂಗಲ್‌ನ ಉಚಿತ ಜಾಗ 15 ಜಿಬಿ. ಅದು ಜಿಮೇಲ್, ಫೋಟೊ, ಡ್ರೈವ್ ಮೂರಕ್ಕೂ ಸೇರಿ. ಫೋಟೊಗಳಿಂದ ಜಾಗ ತುಂಬಿದರೆ ಹೊಸ ಡಾಕ್ಸ್ ಮಾಡಲಾಗುವುದಿಲ್ಲ. ಎರಡು ವರ್ಷ ಮುಟ್ಟದೆ ಬಿಟ್ಟ ಖಾತೆಯನ್ನು ಗೂಗಲ್ ಅಳಿಸಿಹಾಕಬಹುದು.

"ಜೀವನಪೂರ್ತಿ ಕೀ" ಎಂದು ತೀರಾ ಕಡಿಮೆಗೆ ಮಾರುವವರಿಂದ, ಕ್ರ್ಯಾಕ್ ಮಾಡಿದ, ಅಂದರೆ ಲೈಸೆನ್ಸ್ ಬೀಗ ಮುರಿದ ಪ್ರತಿಗಳಿಂದ ದೂರ ಇರಿ. ಕ್ರ್ಯಾಕ್ ಜೊತೆ ವೈರಸ್ ಬರುವುದು ಮಾಮೂಲಿ. ಪೂರ್ತಿ ಉಚಿತವಾದ, ಒಳ್ಳೆಯ ಆಯ್ಕೆ ಇರುವಾಗ ನಿಮ್ಮ ಬ್ಯಾಂಕ್ ಪಾಸ್‌ವರ್ಡ್ ಇರುವ ಕಂಪ್ಯೂಟರನ್ನು ಸುಮ್ನೆ ಯಾಕೆ ಅಪಾಯಕ್ಕೆ ಒಡ್ಡಬೇಕು?

ಇಷ್ಟಾದ ಮೇಲೂ ತೀರ್ಮಾನ ಆಗದಿದ್ದರೆ ನನ್ನ ಸಲಹೆ ಇದು. ಒಬ್ಬರೇ ಬಳಸುವವರು, ಮನೆಗೆಲಸದ ಪತ್ರ–ಲೆಕ್ಕದವರು ಲಿಬ್ರೆಆಫೀಸ್ ಹಾಕಿಕೊಳ್ಳಿ. ಹಲವರು ಸೇರಿ ಒಂದೇ ಫೈಲಿನಲ್ಲಿ ಕೆಲಸ ಮಾಡುವವರಿಗೆ ಗೂಗಲ್ ಡಾಕ್ಸ್. ಕೆಲಸದ ಜಾಗದಿಂದ ಟ್ರ್ಯಾಕ್ ಚೇಂಜಸ್ ಇರುವ ಡಾಕ್‌ಎಕ್ಸ್‌ಗಳು, ಮ್ಯಾಕ್ರೊ ಇರುವ ಎಕ್ಸೆಲ್‌ಗಳು ದಿನಾ ಬರುತ್ತಿದ್ದರೆ ಮೈಕ್ರೋಸಾಫ್ಟ್‌ಗೆ ದುಡ್ಡು ಕೊಡುವುದು ನ್ಯಾಯವೇ. ಎರಡು ಸೂಟ್ ಒಟ್ಟಿಗೆ ಇಟ್ಟುಕೊಳ್ಳುವುದರಲ್ಲೂ ತಪ್ಪೇನಿಲ್ಲ.

8. ಹಾಕಿಕೊಂಡ ದಿನವೇ ಮಾಡಬೇಕಾದ್ದು

ಸಾಫ್ಟ್‌ವೇರ್ ತಯಾರಿಸುವವರ ಸ್ವಂತ ವೆಬ್‌ಸೈಟಿನಿಂದಲೇ ಇಳಿಸಿಕೊಳ್ಳಿ. ಹುಡುಕಾಟದಲ್ಲಿ ಮೊದಲು ಬರುವ ಜಾಹೀರಾತಿನ ಕೊಂಡಿ ಬೇಡ. ಲಿಬ್ರೆಆಫೀಸ್‌ಗೆ ದುಡ್ಡು ಕಟ್ಟಿಸಿಕೊಳ್ಳುವ ಪುಟ ಕಂಡರೆ ಮುಚ್ಚಿಬಿಡಿ. ದೇಣಿಗೆ ಕೇಳುವುದು ಬೇರೆ, ಅದು ನಿಮ್ಮ ಇಷ್ಟ.

ನಂತರ ಫೈಲ್ ಯಾವ ಫಾರ್ಮ್ಯಾಟಿನಲ್ಲಿ ಉಳಿಯಬೇಕು ಎಂಬ ಸೆಟ್ಟಿಂಗ್ ನೋಡಿ. ಬೇರೆಯವರಿಗೆ ಕಳಿಸುವುದೇ ಜಾಸ್ತಿ ಇದ್ದರೆ ಲಿಬ್ರೆಆಫೀಸ್‌ನಲ್ಲೂ ಡಾಕ್‌ಎಕ್ಸ್ ಅನ್ನೇ ಮಾಮೂಲಿ ಆಯ್ಕೆ ಮಾಡಿಕೊಳ್ಳಬಹುದು. ನಿಮ್ಮಷ್ಟಕ್ಕೇ ಇಟ್ಟುಕೊಳ್ಳುವ ಫೈಲುಗಳಿಗೆ ಒಡಿಟಿ, ಒಡಿಎಸ್ ಇರಲಿ.

ಆಟೊಸೇವ್ ಮತ್ತು ಆಟೊರಿಕವರಿ ಒಂದೇ ಅಲ್ಲ. ವರ್ಡ್‌ನಲ್ಲಿ ಆಟೊಸೇವ್ ಆಗುವುದು ಫೈಲ್ ಒನ್‌ಡ್ರೈವ್‌ನಂಥ ಕ್ಲೌಡ್ ಜಾಗದಲ್ಲಿ, ಅಂದರೆ ಇಂಟರ್ನೆಟ್ಟಿನಲ್ಲಿರುವ ಸಂಗ್ರಹದಲ್ಲಿ ಇದ್ದಾಗ. ನಿಮ್ಮ ಡಿಸ್ಕಿನಲ್ಲೇ ಇರುವ ಫೈಲಿಗೆ ಸಿಗುವುದು ಆಟೊರಿಕವರಿ. ಕರೆಂಟ್ ಹೋದರೆ ಕಾಪಾಡಲು 10 ನಿಮಿಷಕ್ಕೊಮ್ಮೆ ಇಡುವ ತಾತ್ಕಾಲಿಕ ಪ್ರತಿ ಅದು. ಲಿಬ್ರೆಆಫೀಸ್‌ನಲ್ಲೂ ಅಂಥದ್ದು ಇದೆ. ಎರಡರಲ್ಲೂ ಆ ಅವಧಿಯನ್ನು 2–3 ನಿಮಿಷಕ್ಕೆ ಇಳಿಸಿ. ಸೇವ್ ಒತ್ತುವ ಅಭ್ಯಾಸ ಮಾತ್ರ ಬಿಡಬೇಡಿ.

ಮ್ಯಾಕ್ರೊ ಭದ್ರತೆಯನ್ನು ಇದ್ದ ಹಾಗೇ ಬಿಡಿ. ಗೊತ್ತಿಲ್ಲದವರಿಂದ ಬಂದ ಫೈಲ್ "ಮ್ಯಾಕ್ರೊ ಆನ್ ಮಾಡಿ" ಎಂದು ಕೇಳಿದರೆ ಮಾಡಬೇಡಿ.

ಹಳೆಯ ಸೂಟ್ ಅನ್ನು ಕೂಡಲೇ ತೆಗೆದುಹಾಕಬೇಡಿ. ಒಂದೆರಡು ತಿಂಗಳು ಎರಡೂ ಇರಲಿ. ಫೈಲುಗಳನ್ನೆಲ್ಲ ಒಂದೇ ಸಲಕ್ಕೆ ಹೊಸ ಫಾರ್ಮ್ಯಾಟಿಗೆ ಬದಲಿಸಲು ಹೋಗಬೇಡಿ, ಯಾವುದು ಕೆಟ್ಟಿತು ಎಂದು ಆಗಲೇ ಗೊತ್ತಾಗುವುದಿಲ್ಲ. ಕೆಲಸಕ್ಕೆ ಬೇಕಾಗಿ ತೆರೆದಾಗ ಒಂದೊಂದನ್ನೇ ಬದಲಿಸಿ, ಪುಟಸಂಖ್ಯೆ ಮತ್ತು ಮೊತ್ತ ಹೊಂದಿಸಿ ನೋಡಿ. ಮೂಲ ಪ್ರತಿಗಳನ್ನು ಬೇರೆ ಫೋಲ್ಡರಿನಲ್ಲಿ ಹಾಗೇ ಇಟ್ಟಿರಿ.